ಖಾಲಿ ಲಾರಿ ಕೇಳಿದವರು

ಬೊಂಬೆ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಬ್ಬಿಬ್ಬರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಕೇಳುವುದು ಬಣ್ಣದ ಬಗ್ಗೆ, ಅರಗಿನ ಬಗ್ಗೆ, ಯಾವ ಮರ ಸೀಳುವುದಿಲ್ಲ ಎನ್ನುವುದರ ಬಗ್ಗೆ. ಅವನ್ನೆಲ್ಲ ಲೇತಿನ ಮುಂದೆ ಕೂತರೆ ಕೈಯೇ ಕಲಿತುಕೊಳ್ಳುತ್ತದೆ. ನಮ್ಮ ಕೆಲಸದ ಕಷ್ಟ ಇರುವುದು ಬೇರೆ ಕಡೆ. ನಾವು ಎಂದೂ ಕಾಣದ ಊರಿನ ಜನ, ನಾವು ಎಂದೂ ಕಾಣದ ಒಂದು ವಸ್ತುವನ್ನು ಬೇಕು ಎನ್ನುತ್ತಾರೆ. ಅದು ಅವರಿಗೆ ಯಾಕೆ ಬೇಕು ಎಂದು ತಿಳಿಯದೆ ಮಾಡಿಕೊಡುವುದು ಹೇಗೆ? ಚನ್ನಪಟ್ಟಣದ ಒಂದು ಬೊಂಬೆ ಘಟಕದ ಸ್ಯಾಂಪಲ್ ವಿಭಾಗದಲ್ಲಿ ನನ್ನ ಇಡೀ ನೌಕರಿ ಕಳೆದದ್ದು ಈ ಪ್ರಶ್ನೆಯ ಜೊತೆಗೆ.

ಸ್ಯಾಂಪಲ್ ವಿಭಾಗ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಒಂದು ಲೇತು, ಒಂದು ಉದ್ದನೆಯ ಮೇಜು. ಕೊಳ್ಳುವವರು ಬಾಯಲ್ಲಿ ಹೇಳಿದ್ದನ್ನೋ ಕಾಗದದಲ್ಲಿ ಗೀಚಿದ್ದನ್ನೋ ಮರದಲ್ಲಿ ಒಂದು ಸಲ ಮಾಡಿ ತೋರಿಸುವುದು ನಮ್ಮ ಕೆಲಸ. ಅವರು ಒಪ್ಪಿದರೆ ಆರ್ಡರ್. ಗೀಚಿದ್ದನ್ನು ಅರ್ಥ ಮಾಡಿಕೊಳ್ಳುವುದು ನನ್ನ ಪಾಲು, ಕಡೆಯುವುದು ಕರೀಂ ಸಾಬರ ಪಾಲು. ಸಾಬರು ಬಿಲ್ಲಿನಂಥ ಕೋಲಿನಿಂದ ಕೈಯಲ್ಲೇ ಲೇತು ತಿರುಗಿಸುತ್ತಿದ್ದ ಕಾಲದವರು. ಕರೆಂಟಿನ ಲೇತು ಬಂದ ಮೇಲೂ ಎಡಗೈ ಆ ಕೋಲನ್ನು ಹುಡುಕುವಂತೆ ಆಗಾಗ ಗಾಳಿಯಲ್ಲಿ ಆಡುತ್ತಿತ್ತು. ಸಿಡುಕು ಜಾಸ್ತಿ. ತಾವು ಮಾಡಿದ್ದನ್ನು ಯಾರಾದರೂ ಸರಿಯಿಲ್ಲ ಎಂದರೆ ಆ ದಿನ ಊಟವನ್ನೂ ಮಾಡುತ್ತಿರಲಿಲ್ಲ.

ಅದು ರೇಷ್ಮೆ ಉಕ್ಕಿ ಹರಿಯುತ್ತಿದ್ದ ಕಾಲ. ಮಾಗಡಿಯಿಂದ ಕನಕಪುರದವರೆಗೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ತಲೆಮಾರುಗಳಿಂದ ಬೊಂಬೆ ಕಡೆಯುತ್ತಿದ್ದ ಮನೆಗಳವರು ಒಬ್ಬೊಬ್ಬರಾಗಿ ಲೇತು ಕಿತ್ತು ನೂಲು ಬಿಚ್ಚುವ ಚರಕ ಹಾಕಿಸಿಕೊಂಡರು. ಗೂಡು ಬೇಯಿಸುವ ವಾಸನೆ ಊರಿಗೆಲ್ಲ ಹರಡಿಕೊಂಡು, ಅರಗಿನ ವಾಸನೆ ಎಲ್ಲೋ ಮೂಲೆ ಸೇರಿತ್ತು. ಕರೀಂ ಸಾಬರ ಇಬ್ಬರು ಗಂಡುಮಕ್ಕಳೂ ಈ ನೂಲು ಬಿಚ್ಚುವ ರೀಲಿಂಗಿಗೆ ಇಳಿದಿದ್ದರು. “ಬಕ್ರೀದ್ ಆಗ್ಲಿ ಲಲಿತಮ್ಮ, ನಾನೂ ಹೊರಟೆ” ಎಂದು ಸಾಬರು ನನಗೆ ಹೇಳುತ್ತಲೇ ಇದ್ದರು.

ಅಂಥ ದಿನಗಳಲ್ಲಿ ವಾಲ್ಟರ್ ಎನ್ನುವ ಗಿರಾಕಿ ಬಂದರು. ಕೆನಡಾದವರು. ಅಲ್ಲಿಯೂ ಅಮೆರಿಕದಲ್ಲಿಯೂ ಆಟದ ಸಾಮಾನಿನ ಅಂಗಡಿಗಳಿಗೆ ಸರಕು ಒದಗಿಸುವವರು. ಎತ್ತರದ ಆಳು, ಕಾಲಿಗೆ ದೊಡ್ಡ ಬೂಟು. ನಮ್ಮ ಮ್ಯಾನೇಜರ್ ನರಸಿಂಹಮೂರ್ತಿಗಳ ಮೇಜಿನ ಮೇಲೆ ಅವರು ಒಂದು ಫೋಟೋ ಇಟ್ಟರು. ಮುಂದೆ ಕಾರಿನಂತೆ, ಹಿಂದೆ ಲಾರಿಯಂತೆ ಇರುವ ಗಾಡಿ. ನೆಲದಿಂದ ಬಹಳ ಮೇಲೆ ನಿಂತಿತ್ತು. ಚಕ್ರಗಳು ಟ್ರ್ಯಾಕ್ಟರಿನವು ಇದ್ದಹಾಗೆ. ಬಾಗಿಲ ಅರ್ಧದವರೆಗೆ ಕೆಸರು.

ಮೂರ್ತಿಗಳು ಫೋಟೋ ಹಿಡಿದು ನೋಡಿ ನನ್ನ ಕಡೆ ಬಾಗಿ, “ತೊಳೆದಾದರೂ ಫೋಟೋ ತೆಗೆಯಬಾರದಿತ್ತೇನಮ್ಮ?” ಎಂದರು.

ವಾಲ್ಟರಿಗೆ ಬೇಕಾಗಿದ್ದದ್ದು ಮರದಲ್ಲಿ ಅಂಥ ಗಾಡಿ. ಅವರ ಕಡೆ ಜನ ಈ ಗಾಡಿಗಳಿಗೆ ಮುಗಿಬಿದ್ದಿದ್ದಾರೆ, ಅಪ್ಪ ಕೊಂಡದ್ದನ್ನು ಕಂಡು ಮಕ್ಕಳು ಅದರ ಆಟಿಕೆಯನ್ನೇ ಕೇಳುತ್ತಾರೆ, ನಿಜವಾದದ್ದನ್ನು ಕೊಳ್ಳಲಾಗದ ಅಪ್ಪಂದಿರೂ ಮಕ್ಕಳ ಹೆಸರು ಹೇಳಿ ಆಟಿಕೆ ಕೊಳ್ಳುತ್ತಾರೆ ಎಂದರು.

ನನಗೆ ಕುತೂಹಲ ತಡೆಯಲಾಗಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ, “ಇವರೆಲ್ಲ ರೈತರೇ?”

“ಕೆಲವರು ಹೌದು. ನಮ್ಮ ಪಕ್ಕದ ಮನೆಯ ಹಲ್ಲಿನ ಡಾಕ್ಟರ ಹತ್ತಿರವೂ ಒಂದಿದೆ.”

“ಅವರು ಹಿಂದೆ ಏನು ತುಂಬುತ್ತಾರೆ?”

“ಏನೂ ಇಲ್ಲ.”

“ಅವರ ಮನೆಗೆ ಹೋಗುವ ದಾರಿ ಹಾಳಾಗಿದೆಯೇ?”

“ಇಲ್ಲ, ಒಳ್ಳೆಯ ಟಾರು ರಸ್ತೆ.”

“ಮತ್ತೆ ಯಾಕೆ ಕೊಂಡರು?”

ವಾಲ್ಟರ್ ಭುಜ ಹಾರಿಸಿದರು. “ಅದು ಗೊತ್ತಿದ್ದರೆ ನಾನು ಬೊಂಬೆ ಯಾಕೆ ಮಾರುತ್ತಿದ್ದೆ ಮೇಡಂ, ಗಾಡಿಯನ್ನೇ ಮಾರುತ್ತಿದ್ದೆ.”

ಸ್ಯಾಂಪಲ್ ಒಪ್ಪಿಗೆಯಾದರೆ ದೊಡ್ಡ ಆರ್ಡರ್ ಎಂದು ಹೇಳಿ ಹೋದರು. ನಮ್ಮ ಘಟಕಕ್ಕೆ ಆಗ ಅದು ಉಸಿರು ಬಂದಂಥ ಮಾತು. ಬೊಂಬೆಗೆ ಆರ್ಡರ್ ಇಲ್ಲದಿದ್ದರೆ ಉಳಿದ ನಾಲ್ಕಾರು ಕುಶಲಿಗರೂ ರೇಷ್ಮೆಗೆ ಹೋಗಿ, ಬಾಗಿಲು ಮುಚ್ಚುವುದೊಂದೇ ಬಾಕಿ ಎಂದು ಮೂರ್ತಿಗಳಿಗೆ ಗೊತ್ತಿತ್ತು.

ಕರೀಂ ಸಾಬರು ಹಾಲೆ ಮರದ ಒಳ್ಳೆಯ ತುಂಡು ಆರಿಸಿಕೊಂಡು ಕೂತರು. ಅವರು ಮಾಡಿದ ಲಾರಿ ನಿಜಕ್ಕೂ ಕಣ್ಣಿಗೆ ಹಬ್ಬ. ಕೆಂಪು ಮೈ, ಹಳದಿ ಅಂಚು, ಮುಂದೆ ಎರಡು ದೊಡ್ಡ ಕಣ್ಣು. ಬಂಪರಿಗೆ ದೃಷ್ಟಿಯಾಗದಿರಲೆಂದು ಸಾಸಿವೆಯಷ್ಟು ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ಖಾಲಿ ಬಿಟ್ಟರೆ ದರಿದ್ರ ಎಂದು ಗೂಡಿನ ಪುಟ್ಟ ಪುಟ್ಟ ಬುಟ್ಟಿಗಳನ್ನು ತುಂಬಿದರು. ತಾಳೆ ಗರಿಯಿಂದ ತಿಕ್ಕಿ ತಿಕ್ಕಿ ಹೊಳಪು ಕೊಟ್ಟರು. ನಾವೆಲ್ಲ ಸುತ್ತ ನಿಂತು ನೋಡಿದೆವು. ಮೂರ್ತಿಗಳು ತಮ್ಮ ಕೈಯಾರೆ ಪೊಟ್ಟಣ ಕಟ್ಟಿದರು.

ಕೆಲವು ವಾರದ ಮೇಲೆ ಬೆಂಗಳೂರಿನ ರಫ್ತು ಏಜೆಂಟರಿಂದ ಫೋನ್ ಬಂತು. ಬೊಂಬೆ ಬಹಳ ಚೆನ್ನಾಗಿದೆಯಂತೆ, ವಾಲ್ಟರ್ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದಾರಂತೆ, ಆದರೆ ತಾವು ಕೇಳಿದ್ದು ಇದಲ್ಲವಂತೆ. ಮುಂದೆ ತರಕಾರಿ ಯಾಕೆ ಕಟ್ಟಿದ್ದೀರಿ ಎಂದು ಕೇಳಿದ್ದರಂತೆ. ಗಾಡಿ ಎತ್ತರ ಇರಬೇಕು, ಹಿಂದೆ ಖಾಲಿ ಇರಬೇಕು, ಮೈಗೆ ಫೋಟೋದಲ್ಲಿದ್ದಂತೆ ಕೆಸರಿನ ಬಣ್ಣ ಇರಬೇಕು, ನೋಡಿದರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ ಅನ್ನಿಸಬೇಕು. ಕರೀಂ ಸಾಬರು ಅವತ್ತು ಊಟ ಮಾಡಲಿಲ್ಲ.

“ಖಾಲಿ ಲಾರಿ ಕೇಳ್ತಾನೆ, ಕೆಸ್ರು ಬಣ್ಣ ಕೇಳ್ತಾನೆ. ಆ ಮನುಷ್ಯಂಗೆ ತಲೆ ಸರಿ ಐತಾ ಅಂತ?” ಎಂದರು ಸಂಜೆಯ ಹೊತ್ತಿಗೆ.

“ಎಲ್ಲಿಗೆ ಬೇಕಾದರೂ ಹೋಗುತ್ತದೆ ಅನ್ನಿಸಬೇಕು ಅಂದನಲ್ಲ, ಅದು ಹೇಗಿರುತ್ತದೆ ಅಂತ ನಾವಿಬ್ಬರೂ ನೋಡಿಲ್ಲ ಸಾಬ್ರೇ. ಫೋಟೋ ನೋಡಿ ಸುಮ್ಮನೆ ಕಡೆದುಬಿಟ್ಟೆವು. ಒಂದು ಸಲ ನಿಜವಾದ ಗಾಡಿ ನೋಡಿಕೊಂಡು ಬರೋಣ” ಎಂದೆ.

ವಾಲ್ಟರ್ ತೋರಿಸಿದ ಗಾಡಿ ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಪ್ಯಾಕಿಂಗ್ ಮಾಡುತ್ತಿದ್ದ ಜಯಮ್ಮ ದಾರಿ ತೋರಿಸಿದಳು. ಉಯ್ಯಂಬಳ್ಳಿ ಕಡೆ ಅವಳ ಸೋದರಮಾವ ಹೊನ್ನೇಗೌಡ ಎನ್ನುವವರು ರೇಷ್ಮೆಯಲ್ಲಿ ಕೈತುಂಬಾ ಸಂಪಾದಿಸಿ ಮಿಲಿಟರಿಯವರು ಬಿಟ್ಟ ಒಂದು ಹಳೆ ಜೀಪು ಕೊಂಡಿದ್ದರು. ಅದರ ಹಿಂಭಾಗ ಕೊಯ್ಸಿ, ಸೊಪ್ಪು ತುಂಬಲು ತೊಟ್ಟಿಯಂತೆ ಮಾಡಿಸಿಕೊಂಡಿದ್ದರಂತೆ. ಮೂರ್ತಿಗಳು ಮೊದಲು ಒಪ್ಪಲಿಲ್ಲ. “ಬೊಂಬೆ ಮಾಡಲು ಪ್ರವಾಸವೇ?” ಎಂದರು. ಸಾಬರು ಉಳಿ ಕೆಳಗಿಟ್ಟು ಕೈ ಕಟ್ಟಿ ಕೂತಿದ್ದು ನೋಡಿ ರಜೆ ಬರೆದುಕೊಟ್ಟರು.

ಸಾತನೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಬ್ಬಾಳು ಬೆಟ್ಟ ಹಿಂದೆ ಸರಿದ ಮೇಲೆ ರಸ್ತೆಯೂ ತೆಳುವಾಗುತ್ತ ಬಂತು. ಬಸ್ಸು ಇಳಿದು ಜಯಮ್ಮನ ಹಿಂದೆ ನಡೆದೆವು. ಹೊನ್ನೇಗೌಡರು ರೇಷ್ಮೆ ಹುಳದ ಮನೆಯ ಮುಂದೆ, ಹುಳಗಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಬಿಸಿಲಿಗೆ ಒರಗಿಸುತ್ತಿದ್ದರು. ವಿಷಯ ತಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರು.

“ಬನ್ರವ್ವ, ಬನ್ನಿ ಸಾಬ್ರೇ. ಬೊಂಬೆ ಮಾಡಕ್ಕೆ ನನ್ ಜೀಪ್ ನೋಡ್ಬೇಕಾ? ಇದೇನ್ ಸೋಜಿಗ ಕಣ್ಲಾ ಶಿವ್ನೆ!”

ಕರೀಂ ಸಾಬರು ಕುಶಲ ಕೇಳುವುದಕ್ಕೂ ನಿಲ್ಲಲಿಲ್ಲ. ಟೋಪಿ ತೆಗೆದು ಜೇಬಿಗಿಟ್ಟುಕೊಂಡು ಜೀಪಿನ ಅಡಿ ತೂರಿಕೊಂಡರು. ಕಾಲು ಮಾತ್ರ ಹೊರಗೆ.

“ಏನ್ ಸಾಬ್ರೇ, ರಿಪೇರಿನಾ?”

“ಹೊಟ್ಟೆ ನೋಡ್ತಿದ್ದೀನಿ ಗೌಡ್ರೇ. ನನ್ ಲಾರಿಗೆ ಹೊಟ್ಟೆ ನೆಲಕ್ಕೆ ತಾಕ್ತಿತ್ತು. ಇದಕ್ಕೆ ಹೊಟ್ಟೇನೇ ಇಲ್ವಲ್ಲ!”

“ಅದ್ಕೇ ಬಂಡೆ ಮ್ಯಾಗೂ ಓಯ್ತದೆ. ಆದ್ರೆ ಎತ್ರ ಒಂದೇ ಆದ್ರೆ ಸಾಲ್ದು, ಕಾಲು ಅಗಲ ಇರ್ಬೇಕು. ಇಲ್ದಿದ್ರೆ ಮಗ್ಚ್ಕತದೆ. ನಾನೇ ಒಂದ್ಸಲ ಮಗ್ಚಾಕಿವ್ನಿ.”

ನಾನು ವಾಲ್ಟರಿಗೆ ಕೇಳಿದ್ದನ್ನೇ ಗೌಡರಿಗೂ ಕೇಳಿದೆ. ಇದನ್ನು ಯಾಕೆ ಕೊಂಡಿರಿ?

“ಯಾಕೆ ಅಂದ್ರೆ? ಗೂಡು ಬುಡ್ಸುದ್ ಮ್ಯಾಲೆ ಒತ್ತಾರೆಗೇ ರಾಮನಗರದ ಮಾರ್ಕೆಟ್ನಾಗೆ ಇರ್ಬೇಕು ಕಣವ್ವ. ಮಳೆ ಬಂದು ಹಳ್ಳ ತುಂಬುದ್ರೆ ಬಸ್ಸು ಆಚೆ ದಡ್ದಾಗೇ ನಿಂತ್ಕತದೆ. ಗೂಡು ತೂತಾಗಿ ಚಿಟ್ಟೆ ಬಂದ್ಬುಟ್ರೆ ಯಾರ್ ಕೇಳ್ತಾರೆ?”

ಹಿಟ್ಟು ಕಲಸಿದ ಕೈ ಹಾಗೇ ಇಟ್ಟುಕೊಂಡು ಅವರ ಹೆಂಡತಿ ಪುಟ್ಟತಾಯಮ್ಮ ಬಾಗಿಲಿಗೆ ಬಂದರು. “ಸುಳ್ ಯಾಕೇಳೀರಿ? ಗೂಡು ಈಗ್ಲೂವೆ ಲಾರೀಲೇ ಓಯ್ತದೆ. ಈ ಜೀಪ್ ತಂದ ಹೊಸ್ದ್ರಲ್ಲಿ ದಿನಾ ಕಬ್ಬಾಳಮ್ಮನ ಗುಡಿ ಮುಂದೆ ನಿಲ್ಸ್ಕಂಡು ಟೀ ಕುಡ್ಕಂಡ್ ಬರೋರು ಕಣವ್ವ. ಆ ತಾಯ್ಗೂ ಸಾಕಾಗೋಗಿತ್ತು ಇವ್ರ ಮಖ ನೋಡಿ.”

ಗೌಡರು ಸಿಟ್ಟಾಗುತ್ತಾರೇನೋ ಅಂದುಕೊಂಡೆ. ಅವರು ಜೀಪಿನ ಬಾನೆಟ್ ಮೇಲಿದ್ದ ಒಣಗಿದ ಸೊಪ್ಪನ್ನು ಕೈಯಿಂದ ಗುಡಿಸಿದರು.

“ಅವ್ಳು ಹೇಳೋದೂ ದಿಟವೇಯ. ಹಳ್ಳ ತುಂಬೋದು ವರ್ಸಕ್ಕೆ ಒಂದೋ ಎಲ್ಡೋ ಸಲ. ಆದ್ರೆ ತುಂಬುದ್ರೂ ನಾನ್ ಓಯ್ತೀನಿ ಅನ್ನೋದು ಐತಲ್ಲ, ಅದು ದಿನಾ ಇರ್ತದೆ. ಹತ್ತವ್ವ, ಕುಂತ್ಕೊ, ತೋರುಸ್ತೀನಿ.”

ನಾನು ಮುಂದೆ, ಸಾಬರು ಮತ್ತು ಜಯಮ್ಮ ಹಿಂದಿನ ತೊಟ್ಟಿಯಲ್ಲಿ. ಸ್ವಲ್ಪ ದೂರ ಹೋದಮೇಲೆ ಗೌಡರು ದಾರಿ ಬಿಟ್ಟು ಹಳ್ಳಕ್ಕೆ ಇಳಿಸಿದರು. ನನ್ನ ಎದುರಿಗೆ ಬರೀ ನೆಲ. ಎರಡೂ ಕೈಯಿಂದ ಕಂಬಿ ಹಿಡಿದುಕೊಂಡೆ. ಹಿಂದೆ ಸಾಬರು ಜೋರಾಗಿ ಅಲ್ಲಾಹುವನ್ನು ನೆನೆಯುತ್ತಿದ್ದರು. ನೀರು ಚಿಮ್ಮಿತು, ಕಲ್ಲಿನ ಮೇಲೆ ಒಂದು ಚಕ್ರ ಎದ್ದಿತು, ಇಳಿಯಿತು. ಎದುರು ದಡ ಗೋಡೆಯಂತೆ ನಿಂತಿತ್ತು. ಜೀಪು ಮೂತಿ ಎತ್ತಿ ಗುರುಗುಟ್ಟುತ್ತ ಹತ್ತತೊಡಗಿದಾಗ ಎದುರಿಗೆ ಬರೀ ಆಕಾಶ. ಆಮೇಲೆ ಒಮ್ಮೆಗೇ ಸಮತಟ್ಟು, ಗಾಳಿ, ಯಾರದೋ ಹುರುಳಿ ಹೊಲ. ಹಿಂದೆ ನೋಡಿದರೆ ದಾರಿಯೇ ಕಾಣಲಿಲ್ಲ.

ಬಸ್ಸಿನಲ್ಲಿ ಓಡಾಡಿದವಳು ನಾನು. ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿ ಇಳಿದವಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಆದರೆ ಬಾಯಿ ಮಾತ್ರ, “ಇನ್ನೊಂದು ಸಲ ಇಳಿಸಿ ಹತ್ತಿಸಿ ಗೌಡ್ರೇ” ಎಂದುಬಿಟ್ಟಿತು. ಹಿಂದಿನಿಂದ ಸಾಬರು ಬೇಡವೇ ಬೇಡ ಎಂದು ಕೂಗಿದ್ದು ಗೌಡರ ಕಿವಿಗೆ ಬೀಳಲಿಲ್ಲ. ಆ ಹಲ್ಲಿನ ಡಾಕ್ಟರನ್ನು ನಾನು ಎಂದೂ ನೋಡಿದವಳಲ್ಲ. ಎರಡನೆಯ ಸಲ ದಡ ಹತ್ತುವಾಗ ಅವನು ನನಗೆ ಅರ್ಥವಾದ.

ವಾಪಸು ಬರುವಾಗ ಬಸ್ಸಿನಲ್ಲಿ ನಾವು ಒಂದು ನಿರ್ಧಾರಕ್ಕೆ ಬಂದೆವು. ನಮ್ಮ ಗಾಡಿ ನೋಡಲು ಚೆಂದ ಇದ್ದರೆ ಸಾಲದು, ಹತ್ತಬೇಕು. ಮನೆಯೊಳಗೆ ಮಗುವಿಗೆ ಸಿಗುವ ಬೆಟ್ಟ ಯಾವುದು? ಹೊಸ್ತಿಲು.

“ನಿಮ್ಮಲ್ಲಿ ಹೊಸ್ತಿಲ ಮ್ಯಾಲೆ ಗಾಡಿ ಓಡಿಸ್ಬೋದಾ ಲಲಿತಮ್ಮ?” ಎಂದು ಸಾಬರು ಕೇಳಿದರು.

“ದಾಟಬಹುದು ಸಾಬ್ರೇ, ನಿಲ್ಲಿಸಬಾರದು” ಎಂದೆ. ಅವರು ಅವತ್ತು ಮೊದಲ ಬಾರಿಗೆ ನಕ್ಕರು.

ಅಲ್ಲಿಂದ ಮುಂದೆ ನಮ್ಮ ಸ್ಯಾಂಪಲ್ ಕೋಣೆಯ ಹೊಸ್ತಿಲಿಗೆ ಬಿಡುವಿರಲಿಲ್ಲ. ಎತ್ತರ ಮಾಡಿದೆವು, ಮಗುಚಿತು. ಅಗಲ ಮಾಡಿದೆವು, ಮಗುಚಲಿಲ್ಲ. ಆದರೆ ಇನ್ನೊಂದು ತೊಡಕು ಬಂತು. ಗಾರೆ ನೆಲದ ಮೇಲೆ ತಳ್ಳಿದರೆ ಚಕ್ರ ಉರುಳುವ ಬದಲು ಜಾರುತ್ತಿತ್ತು. ಸಾಬರ ಅರಗಿನ ಹೊಳಪು ಅಷ್ಟು ನುಣುಪು. ಚಕ್ರಕ್ಕೆ ಅರಗು ಹಾಕದೆ, ಬರೀ ಮರದಲ್ಲೇ ಗೀರು ಗೀರಾಗಿ ಕಡೆದರೆ ನೆಲ ಹಿಡಿಯುತ್ತದೆ ಎಂದು ನನಗೆ ತೋಚಿತು. ಹೇಳಿದ್ದೇ ತಡ, ಸಾಬರು ಎದ್ದು ನಿಂತರು.

“ಅರಗಿಲ್ದಿರೋ ಚಕ್ರ ನನ್ ಕೈಯಿಂದ ಆಚೆ ಹೋಗಲ್ಲ. ನಮ್ಮಪ್ಪ, ನಮ್ಮ ತಾತ ಇದೇ ಹೊಳಪಿಗೆ ಹೆಸರು ತಗೊಂಡೋರು. ಬೋಳು ಮರ ಕೊಡೋಕೆ ಚನ್ನಪಟ್ಟಣ ಯಾಕೆ ಬೇಕು? ಯಾವ ಬಡಗೀನೂ ಕೊಡ್ತಾನೆ.”

ವಿಚಿತ್ರವೆಂದರೆ ಎಂದೂ ಸಾಬರ ಪರ ಮಾತಾಡದ ಮೂರ್ತಿಗಳು ಈ ಸಲ ಅವರ ಪಕ್ಕ ನಿಂತರು. “ಹೊಳಪು ಬಿಟ್ಟರೆ ನಮ್ಮ ಬೊಂಬೆಗೆ ಉಳಿಯುವುದೇನಮ್ಮ?” ಎಂದರು. ನಾನು ಒಬ್ಬಳೇ ಆದೆ. ಅವರ ಮಾತು ಸುಳ್ಳೂ ಅಲ್ಲ. ಅದಕ್ಕೇ ವಾದ ಮಾಡುವುದು ಕಷ್ಟವಾಯಿತು. ಕೊನೆಗೆ ಎರಡು ಬಗೆಯನ್ನೂ ಮಾಡಿ ಇಡೋಣ, ಕೊಳ್ಳುವವರೇ ಹೇಳಲಿ ಎಂದು ಕೇಳಿಕೊಂಡೆ. ಸಾಬರು ಎರಡು ಗಾಡಿಯ ಮೈ ಮಾಡಿ, ಒಂದಕ್ಕೆ ಹೊಳಪಿನ ಚಕ್ರ ಹಾಕಿದರು. ಬೋಳು ಚಕ್ರಗಳನ್ನು ಮಾತ್ರ ಮುಟ್ಟಲಿಲ್ಲ. ಅವನ್ನು ಅವರು ಮಧ್ಯಾಹ್ನ ನಮಾಜಿಗೆ ಹೋದಾಗ ನಾನೂ ಜಯಮ್ಮನೂ ಸೇರಿ ಸೊಟ್ಟಸೊಟ್ಟಗೆ ಕಡೆದೆವು. ಜಯಮ್ಮನ ಕೈ ನನಗಿಂತ ಗಟ್ಟಿ ಎಂದು ಅವತ್ತೇ ಗೊತ್ತಾದದ್ದು.

ವಾಲ್ಟರ್ ಮತ್ತೆ ಬಂದರು. ಮೂರ್ತಿಗಳು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡೂ ಗಾಡಿ ಇಟ್ಟಿದ್ದರು. ವಾಲ್ಟರ್ ಮೇಜಿನ ಕಡೆ ಒಂದು ಸಲ ನೋಡಿ, ಎರಡನ್ನೂ ಎತ್ತಿಕೊಂಡು ನೆಲದ ಮೇಲೆ ಕೂತೇಬಿಟ್ಟರು. ಕೂತಮೇಲೆ ಮೊಣಕಾಲೂರಿದರು. ತಮ್ಮ ಬೂಟು ಬಿಚ್ಚಿ ಅಡ್ಡ ಇಟ್ಟರು. ಹೊಳಪಿನ ಗಾಡಿ ಬೂಟಿನ ತನಕ ಜಾರುತ್ತ ಹೋಗಿ ಅಡ್ಡ ತಿರುಗಿತು. ಬೋಳು ಚಕ್ರದ್ದು ಕಟಕಟ ಎನ್ನುತ್ತ ಬೂಟು ಹತ್ತಿ ಆಚೆ ಇಳಿಯಿತು. ಅವರು ಮಗುವಿನಂತೆ ಬಾಯಲ್ಲೇ ಗಾಡಿಯ ಸದ್ದು ಮಾಡುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಸಾಬರಿಗೆ ತಡೆಯಲಾಗಲಿಲ್ಲ. “ಹಂಗಲ್ಲ ಸಾರ್, ಓರೆಯಾಗಿ ಹತ್ತಿಸ್ಬೇಕು” ಎಂದು ಅವರೂ ನೆಲಕ್ಕೆ ಕೂತು ಗಾಡಿ ಕಸಿದುಕೊಂಡರು. ವಾಲ್ಟರಿಗೆ ಕನ್ನಡ ಬಾರದು, ಸಾಬರಿಗೆ ಇಂಗ್ಲಿಷ್ ಬಾರದು. ಇಬ್ಬರೂ ಮೂರ್ತಿಗಳ ಕಡತಗಳನ್ನು ಒಂದರ ಮೇಲೊಂದು ಪೇರಿಸಿ ಬೆಟ್ಟ ಮಾಡಿದರು. ಮೂರ್ತಿಗಳು “ಅಯ್ಯೋ, ಅದು ಆಡಿಟ್ ಫೈಲು” ಎನ್ನುತ್ತಲೇ ಪಂಚೆ ಎತ್ತಿ ಕಟ್ಟಿ ಬೆಟ್ಟ ಕುಸಿಯದಂತೆ ಒಂದು ಪಕ್ಕ ಹಿಡಿದುಕೊಂಡರು.

ಬೆಟ್ಟ ಹತ್ತಿ ಇಳಿದಮೇಲೆ ಸಾಬರು ಬೋಳು ಚಕ್ರವನ್ನು ಹೆಬ್ಬೆರಳಿಂದ ಸವರಿ ನನ್ನ ಕಡೆ ನೋಡಿದರು. “ಯಾರ್ ಕಡೆದಿದ್ದು ಇದನ್ನ? ಸೊಟ್ಟ ಐತೆ” ಎಂದರು. ಗಾಡಿಯನ್ನು ವಾಲ್ಟರ್ ಕೈಗೆ ಕೊಟ್ಟು, “ಚಕ್ರ ಬೋಳಾಗೇ ಇರ್ಲಿ. ಆದ್ರೆ ಮೈಗೆ ಕೆಸರಿನ ಬಣ್ಣ ಹಾಕಲ್ಲ ಅಂತ ಹೇಳ್ರಮ್ಮ ಅವ್ರಿಗೆ” ಎಂದರು. ನಾನು ಹೇಳಿದೆ. ವಾಲ್ಟರ್ ಕೆಂಪು ಮೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕೆಸರು ಹಾಕುವ ಕೆಲಸ ಮಕ್ಕಳೇ ನೋಡಿಕೊಳ್ಳುತ್ತಾರೆ ಬಿಡಿ ಎಂದರು.

ಆರ್ಡರ್ ಬಂತು. ನಾವು ಎಣಿಸಿದ್ದಕ್ಕಿಂತ ದೊಡ್ಡದು. ಸಂತೋಷ ಒಂದು ದಿನ ಇತ್ತು. ಮಾರನೆಯ ದಿನ ಮೂರ್ತಿಗಳು, ಕಡೆಯುವವರು ಯಾರು ಎಂದು ಕೇಳಿದರು. ರೀಲಿಂಗಿಗೆ ಹೋಗಿದ್ದ ಹಳೆಯ ಕುಶಲಿಗರ ಮನೆಗಳಿಗೆ ನಾನೂ ಸಾಬರೂ ಹೋದೆವು. ಬಿಸಿನೀರಿನಲ್ಲಿ ಬೆಂದು ಬಿಳಿಚಿದ ಬೆರಳುಗಳಿಂದಲೇ ಟೀ ಕೊಟ್ಟರು, ಸಾಬರ ಕೆಲಸ ಹೊಗಳಿದರು, ಬರುವುದಿಲ್ಲ ಎಂದರು. ಸಾಬರ ಸ್ವಂತ ಮಕ್ಕಳೇ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ರೇಷ್ಮೆ ಅವರ ಮನೆಗಳಿಗೆ ತಾರಸಿ ಹಾಕಿಸುತ್ತಿತ್ತು.

ನಮ್ಮನ್ನು ಉಳಿಸಿದ್ದು ಆ ಬೋಳು ಚಕ್ರ. ಅರಗು ಹಿಡಿಸಲು ವರ್ಷಗಟ್ಟಲೆ ಕೈ ಪಳಗಬೇಕು. ಗೀರು ಹಾಕಿದ ಚಕ್ರಕ್ಕೆ ಅಷ್ಟು ಬೇಡ. ಪ್ಯಾಕಿಂಗಿನ ಹೆಂಗಸರನ್ನು ಲೇತಿಗೆ ಕೂರಿಸಬಾರದೇಕೆ ಎಂದು ಮೂರ್ತಿಗಳಿಗೆ ಕೇಳಿದೆ. ನಾನೂ ಜಯಮ್ಮನೂ ಕದ್ದು ಕಡೆದದ್ದು ಬಿಟ್ಟರೆ, ನಮ್ಮ ಘಟಕದಲ್ಲಿ ಅದುವರೆಗೆ ಹೆಂಗಸರು ಉಳಿ ಹಿಡಿದಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. “ಸೀರೆ ಸೆರಗು ಭದ್ರವಾಗಿ ಸಿಕ್ಕಿಸಿಕೊಳ್ಳಲಿ” ಎಂದರು. ಅದೇ ಅವರ ಅಪ್ಪಣೆ.

ಜಯಮ್ಮ ಮೊದಲು ಕೂತಳು. ಸಾಬರು ಕಲಿಸಿದರು, ಬೈದರು, ಅವಳ ಚಕ್ರಗಳನ್ನು ಬುಟ್ಟಿಗೆ ಎಸೆದರು, ಮತ್ತೆ ಕಲಿಸಿದರು. ಅವಳ ಹಿಂದೆ ಉಳಿದವರು ಬಂದರು. ಚಕ್ರವೆಲ್ಲ ಹೆಂಗಸರದು, ಮೈ ಮತ್ತು ಹೊಳಪು ಸಾಬರದೂ ಉಳಿದ ಗಂಡಸರದೂ. ಕೊನೆಯ ಕಂತು ತಡವಾಗಿ ಹೋಯಿತು, ಏಜೆಂಟರು ಗೊಣಗಿದರು, ಆದರೆ ಹೋಯಿತು. ಯಾವುದೋ ಹಿಮದ ಊರಿನ ಮನೆಗಳಲ್ಲಿ ಅವು ಏನೇನನ್ನು ಹತ್ತಿ ಇಳಿದವೋ ಎಂದು ನಾವು ಊಟದ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

ಹೊಸಬರಿಗೆ ಇದನ್ನೆಲ್ಲ ಹೇಳುವಾಗ ಒಂದು ಮಾತು ಸೇರಿಸುತ್ತೇನೆ. ಗಿರಾಕಿ ಕೇಳಿದ್ದು ನಿಮಗೆ ಹುಚ್ಚುತನ ಅನ್ನಿಸಿದರೆ ನಗಿರಿ, ಆದರೆ ನಕ್ಕಮೇಲೆ ಯಾಕೆ ಎಂದು ಕೇಳಿ. ಉತ್ತರ ಗಿರಾಕಿಗೂ ಗೊತ್ತಿಲ್ಲದಿದ್ದರೆ ನೀವೇ ಹುಡುಕಿಕೊಂಡು ಹೋಗಿ. ಎಷ್ಟೋ ಸಲ ನನಗೆ ಸಿಗಲಿಲ್ಲ. ಒಬ್ಬರು ಕಿವಿಯಿಲ್ಲದ ಆನೆ ಕೇಳಿದ್ದರು, ಅದು ಯಾಕೆಂದು ಇವತ್ತಿಗೂ ತಿಳಿದಿಲ್ಲ.

ಬಕ್ರೀದ್ ಮುಗಿಯಿತು. ಆ ವಾರ ಕರೀಂ ಸಾಬರು ಬಿಳಿ ಜುಬ್ಬಾ ಹಾಕಿಕೊಂಡು ಮೂರ್ತಿಗಳ ಕೋಣೆಗೆ ಬಂದರು. ಮಕ್ಕಳು ಒತ್ತಾಯ ಮಾಡುತ್ತಿದ್ದಾರೆ, ಮನೆಯ ಲೇತು ಕಿತ್ತು ಚರಕ ಹಾಕಿಸಿಯಾಗಿದೆ, ಇನ್ನು ತಮ್ಮನ್ನು ಕೆಲಸದಿಂದ ಬಿಡಬೇಕು ಎಂದರು. ಮೂರ್ತಿಗಳು ಕುರ್ಚಿ ತೋರಿಸಿದರು, ಸಾಬರು ಕೂರಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರು ಹೊರಟಿದ್ದರು, ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಸರಿಮಾಡುತ್ತ ನಿಂತೆ. ಅಂದಿನ ಟಪಾಲಿನಲ್ಲಿ ವಾಲ್ಟರ್ ಕಳಿಸಿದ ಹೊಸ ಫೋಟೋ ಕೈಗೆ ಬಂತು. ಅವರ ಊರಿನಲ್ಲಿ ಚಳಿಗಾಲಕ್ಕೆ ಈಗ ಇದನ್ನೇ ಎಲ್ಲರೂ ಕೇಳುತ್ತಿದ್ದಾರಂತೆ. ಸುತ್ತ ಬರೀ ಬಿಳಿ ಹಿಮ. ನಡುವೆ ಮೋಟಾರುಬೈಕಿನಂಥ ಮುಖದ ಒಂದು ಗಾಡಿ. ಮುಂದೆ ಚಕ್ರದ ಜಾಗದಲ್ಲಿ ಮೇಲಕ್ಕೆ ಬಾಗಿದ ಎರಡು ಹಲಗೆ.

ಸಾಬರು ಮೂರ್ತಿಗಳಿಗೆ ಸಲಾಂ ಹೇಳಿ ಬಾಗಿಲ ಕಡೆ ತಿರುಗಿದವರು ನನ್ನ ಕೈಯತ್ತ ಕಣ್ಣು ಹಾಯಿಸಿದರು. ಎರಡು ಹೆಜ್ಜೆ ಮುಂದೆ ಹೋಗಿ ನಿಂತರು. ಹಿಂದಕ್ಕೆ ಬಂದು ಫೋಟೋ ಇಸಿದುಕೊಂಡರು. ತಲೆಕೆಳಗು ಮಾಡಿ ನೋಡಿದರು, ಮತ್ತೆ ನೇರ ಮಾಡಿದರು.

“ಇದಕ್ಕೆ ಚಕ್ರಾನೇ ಇಲ್ವಲ್ಲ ಲಲಿತಮ್ಮ?”

“ಇಲ್ಲ ಸಾಬ್ರೇ.”

“ಮತ್ತೆ ಹೆಂಗೆ ಓಡ್ತದೆ?”

“ನನಗೂ ಗೊತ್ತಿಲ್ಲ.”

ಸಾಬರು ಮೂರ್ತಿಗಳು ತೋರಿಸಿದ ಕುರ್ಚಿಯನ್ನು ಎಳೆದುಕೊಂಡು ಕೂತರು. ಜುಬ್ಬಾದ ತೋಳು ಮಡಿಸುತ್ತ, “ಜಯಮ್ಮನ್ನ ಕರೀರಿ” ಎಂದರು. “ಒಂದು ಸಣ್ಣ ತುಂಡು ಹಾಲೆ ಮರ ತರ್ಲಿ, ನೋಡಾಣ.”